ಗುರುತಿಸುವುದು ಬೇರೆ, ಶಾಲೆ ಆರಿಸುವುದು ಬೇರೆ: ವಿಶೇಷ ಅಗತ್ಯವುಳ್ಳ ಮಕ್ಕಳ ಪಾಲಕರಿಗೆ

ದಸರಾ ರಜೆಗೆ ಮುನ್ನ ಪಾಲಕರು ಶಾಲೆಗೆ ಬಂದಾಗ ಶಿಕ್ಷಕರು ಕೆಲವರನ್ನು ಮಾತ್ರ ಪಕ್ಕಕ್ಕೆ ಕರೆದು, ದನಿ ತಗ್ಗಿಸಿ ಹೇಳುವ ಒಂದು ಮಾತಿದೆ: "ಮಗುವನ್ನು ಒಮ್ಮೆ ಎಲ್ಲಾದರೂ ತೋರಿಸಿ." ಎಲ್ಲಿ ತೋರಿಸಬೇಕು, ಯಾರಿಗೆ ತೋರಿಸಬೇಕು, ತೋರಿಸಿದ ಮೇಲೆ ಮಗು ಅದೇ ಶಾಲೆಯಲ್ಲಿ ಉಳಿಯುತ್ತದೆಯೋ ಇಲ್ಲವೋ ಎಂಬುದನ್ನು ಆ ಮಾತು ಹೇಳುವುದಿಲ್ಲ. ಅಂಕೋಲಾ ಕಡೆಯ ಕರಾವಳಿಯಲ್ಲಿಯೂ ಆಮೇಲೆ ಶಿರಸಿಯ ಸುತ್ತಲೂ ಪ್ರಾಥಮಿಕ ಶಾಲಾ ಶಿಕ್ಷಕಿಯಾಗಿ ದುಡಿದು ನಿವೃತ್ತಳಾದ ನಾನು ಈ ಮಾತನ್ನು ಹಲವು ಪಾಲಕರಿಗೆ ಹೇಳಿದ್ದೇನೆ. ನಿವೃತ್ತಿಯ ನಂತರ ಅಂಥ ಪಾಲಕರ ಜೊತೆಯಲ್ಲಿ ಕಚೇರಿ, ಆಸ್ಪತ್ರೆಗಳಿಗೆ ಹೋಗಿ ಬಂದ ಮೇಲೆಯೇ ಆ ಮಾತು ಎಷ್ಟು ಅಪೂರ್ಣವಾದದ್ದು ಎಂದು ನನಗೆ ಅರಿವಾಯಿತು. ಅಂದು ನಾನು ಹೇಳದೆ ಬಿಟ್ಟಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಎಲ್ಲಕ್ಕಿಂತ ಮೊದಲು ಪಾಲಕರು ಒಂದು ವಿಷಯವನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಮಗುವಿಗೆ ಯಾವ ತೊಂದರೆ ಇದೆ ಎಂದು ಗುರುತಿಸುವುದು ಒಂದು ನಿರ್ಧಾರ. ಆ ಮಗು ಎಲ್ಲಿ, ಯಾರೊಂದಿಗೆ, ಯಾವ ನೆರವಿನಿಂದ ಕಲಿಯಬೇಕು ಎಂಬುದು ಇನ್ನೊಂದು ನಿರ್ಧಾರ. ಮೊದಲನೆಯದರಲ್ಲಿ ವೈದ್ಯರ ಮತ್ತು ಮನಃಶಾಸ್ತ್ರಜ್ಞರ ಮಾತಿಗೆ ತೂಕ ಹೆಚ್ಚು. ಎರಡನೆಯದರಲ್ಲಿ ಪಾಲಕರ ಮಾತಿಗೂ ಅಷ್ಟೇ ತೂಕವಿದೆ, ಕಾನೂನು ಅದನ್ನು ಕೊಟ್ಟಿದೆ. ಆದರೆ ನಮ್ಮಲ್ಲಿ ನಡೆಯುವುದು ಹಾಗಲ್ಲ. ಆಸ್ಪತ್ರೆಯಿಂದ ಒಂದು ಚೀಟಿ ಬಂದ ಕೂಡಲೇ ಶಾಲೆಯ ಪ್ರಶ್ನೆಯೂ ತೀರ್ಮಾನವಾಯಿತೆಂದು ಎಲ್ಲರೂ ಭಾವಿಸುತ್ತಾರೆ, ಪಾಲಕರೂ ತಲೆ ತಗ್ಗಿಸಿ ಒಪ್ಪಿಕೊಂಡು ಬರುತ್ತಾರೆ.

ಮೊದಲ ಕೆಲಸ ಮನೆಯಲ್ಲಿ

ನೂರು ಪುಟದ ಒಂದು ನೋಟುಪುಸ್ತಕ ತನ್ನಿ. ಮಗುವಿನ ಕಲಿಕೆ, ಮಾತು, ಆಟ, ನಡೆವಳಿಕೆಗಳಲ್ಲಿ ಕಂಡದ್ದನ್ನು ದಿನಾಂಕ ಹಾಕಿ ಬರೆಯುತ್ತ ಹೋಗಿ. "ಓದುವುದಿಲ್ಲ, ಹಟ ಮಾಡುತ್ತಾಳೆ" ಎಂಬ ತೀರ್ಪು ಯಾರಿಗೂ ಉಪಯೋಗಕ್ಕೆ ಬರುವುದಿಲ್ಲ. ನಡೆದದ್ದನ್ನು ನಡೆದ ಹಾಗೆಯೇ ಬರೆಯಬೇಕು. ಶಿರಸಿ ತಾಲ್ಲೂಕಿನ ಒಬ್ಬ ತಾಯಿ ಬರೆದ ಪುಟವೊಂದು ನನಗೆ ಇಂದಿಗೂ ನೆನಪಿದೆ: "ಸಂಜೆ ಏಳು ಗಂಟೆ. ಪಾಠದ ಐದು ಸಾಲು ಓದಲು ಇಪ್ಪತ್ತು ನಿಮಿಷ ಹಿಡಿಯಿತು. ಅಕ್ಕ ಎಂಬುದನ್ನು ಅಕ ಎಂದೂ ಪುಸ್ತಕ ಎಂಬುದನ್ನು ಪುಸಕ ಎಂದೂ ಓದಿದಳು. ಅದೇ ಪಾಠವನ್ನು ನಾನು ಓದಿ ಹೇಳಿದ ಮೇಲೆ ಕೇಳಿದ ಎಲ್ಲ ಪ್ರಶ್ನೆಗೂ ಸರಿಯಾದ ಉತ್ತರ ಕೊಟ್ಟಳು." ಕಿವಿಯಿಂದ ಕೇಳಿದಾಗ ಎಲ್ಲವೂ ಅರ್ಥವಾಗುತ್ತದೆ, ಅಕ್ಷರದ ಮೂಲಕ ಬಂದಾಗ ಮಾತ್ರ ದಾರಿ ಕಟ್ಟುತ್ತದೆ ಎಂಬುದನ್ನು ಆ ನಾಲ್ಕು ಸಾಲುಗಳು ಹೇಳಿದವು. ಆ ಮಗುವಿಗೆ ಬುದ್ಧಿ ಕಡಿಮೆ ಎಂದು ಹೇಳಿದ್ದವರು ಆ ಪುಟ ಓದಿದ ಮೇಲೆ ಹಾಗೆ ಹೇಳಲಿಲ್ಲ.

ಅಕ್ಷರದ ತಪ್ಪುಗಳ ವಿಷಯದಲ್ಲಿ ಆತುರವೂ ಬೇಡ. ಕನ್ನಡದಲ್ಲಿ ಕಾಗುಣಿತ, ಒತ್ತಕ್ಷರಗಳೆಲ್ಲ ಸೇರಿದರೆ ಕಲಿಯಬೇಕಾದ ರೂಪಗಳು ನೂರಾರು ಆಗುತ್ತವೆ, ಅವು ಕೈಗೆ ಹತ್ತಲು ಎಲ್ಲ ಮಕ್ಕಳಿಗೂ ಕೆಲವು ವರ್ಷಗಳೇ ಬೇಕು. ಒಂದನೇ, ಎರಡನೇ ತರಗತಿಯಲ್ಲಿ ಒತ್ತು ಬಿಟ್ಟು ಬರೆಯುವುದು ತೀರ ಸಾಮಾನ್ಯ. ಬ ಮತ್ತು ಭ, ದ ಮತ್ತು ಧ ಅದಲುಬದಲಾಗುವುದಂತೂ ನಮ್ಮ ಆಡುಮಾತಿನಲ್ಲಿಯೇ ಇರುವ ಸಂಗತಿಯಾಗಿರುವುದರಿಂದ ಅದೊಂದನ್ನೇ ಹಿಡಿದು ಹೆದರಬೇಕಾಗಿಲ್ಲ. ಆದರೆ ಮಗು ನಾಲ್ಕನೇ ತರಗತಿಗೆ ಬಂದ ಮೇಲೂ ಗುಣಿತಾಕ್ಷರಗಳಲ್ಲಿ ತಡವರಿಸುತ್ತಿದ್ದರೆ, ನಿನ್ನೆ ಓದಿದ ಶಬ್ದ ಇಂದು ಹೊಸತಾಗಿ ಕಾಣುತ್ತಿದ್ದರೆ, ಕರಿಹಲಗೆಯಿಂದ ಒಂದು ಸಾಲು ಇಳಿಸಿಕೊಳ್ಳಲು ಹತ್ತು ಸಲ ತಲೆ ಎತ್ತಿ ನೋಡುತ್ತಿದ್ದರೆ, ಕಾಯುವುದು ಸರಿಯಲ್ಲ.

ಬೇರೆ ಯಾವುದೇ ಪರೀಕ್ಷೆಗೆ ಮುನ್ನ ಕಿವಿ ಮತ್ತು ಕಣ್ಣುಗಳ ತಪಾಸಣೆ ಆಗಲೇಬೇಕು. ಈ ಮಾತನ್ನು ನಾನು ನನ್ನ ತಪ್ಪಿನಿಂದ ಕಲಿತೆ. ಸಮುದ್ರಕ್ಕೆ ಹತ್ತಿರದ ಒಂದು ಶಾಲೆಯಲ್ಲಿ ಎರಡನೇ ತರಗತಿಯ ಹುಡುಗನೊಬ್ಬ ಕೊನೆಯ ಸಾಲಿನಲ್ಲಿ ಕುಳಿತು ಕಿಟಕಿಯ ಹೊರಗೆ ನೋಡುತ್ತಿರುತ್ತಿದ್ದ. ಆಷಾಢದ ಮಳೆ ಹೆಂಚಿನ ಮೇಲೆ ಬೀಳುತ್ತಿದ್ದ ದಿನಗಳಲ್ಲಿ ಹೆಸರು ಹಿಡಿದು ಕರೆದರೂ ತಿರುಗುತ್ತಿರಲಿಲ್ಲ. ಅವನ ಪ್ರಗತಿಪತ್ರದಲ್ಲಿ "ಗಮನವಿಲ್ಲ" ಎಂದು ನಾನೇ ಬರೆದೆ. ದೀಪಾವಳಿಯ ಹೊತ್ತಿಗೆ ಅವನ ಅಜ್ಜಿ, "ಅಕ್ಕೋರೇ, ಮಳೆಗಾಲ ಪೂರ್ತಿ ಅವನ ಕಿವಿ ಸೋರಿತ್ತು" ಎಂದು ಮಾತಿನ ನಡುವೆ ಹೇಳಿದರು. ಕಿವಿ ಪರೀಕ್ಷೆ ಮಾಡಿಸಿದಾಗ ಎರಡೂ ಕಿವಿಗಳಲ್ಲಿ ಕೇಳಿಸುವಿಕೆ ಕಡಿಮೆಯಾಗಿತ್ತು. ಔಷಧಿ ನಡೆಯಿತು, ನಾನು ಅವನನ್ನು ಮೊದಲ ಸಾಲಿಗೆ ಕರೆತಂದೆ, ಮುಖ ನೋಡಿಕೊಂಡೇ ಮಾತನಾಡತೊಡಗಿದೆ. ಫೆಬ್ರವರಿಯ ಹೊತ್ತಿಗೆ ಅವನು ಮಗ್ಗಿ ಒಪ್ಪಿಸುತ್ತಿದ್ದ. ನಡುಗಿವಿಯಲ್ಲಿ ಕೀವು, ನೀರು ತುಂಬುವ ಮಕ್ಕಳ ಕೇಳಿಸುವಿಕೆ ಒಂದು ವಾರ ಇದ್ದಂತೆ ಇನ್ನೊಂದು ವಾರ ಇರುವುದಿಲ್ಲ. ಆದ್ದರಿಂದಲೇ ಅದು ಹಟದಂತೆಯೂ ಸೋಮಾರಿತನದಂತೆಯೂ ಕಾಣುತ್ತದೆ. ಮನೆಯಲ್ಲಿ ಹಿರಿಯರು ಹರಕೆ ಹೊರುವುದಾದರೆ ಹೊರಲಿ. ಅದಕ್ಕಾಗಿ ಕಿವಿಯ ಪರೀಕ್ಷೆಯನ್ನು ಮುಂದಕ್ಕೆ ಹಾಕಬಾರದು.

ಮೂರನೆಯದು ಭಾಷೆ, ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಇದು ದೊಡ್ಡ ವಿಷಯ. ಕಾರವಾರದ ಮಾಜಾಳಿ, ಸದಾಶಿವಗಡದ ಕಡೆ ಮನೆಮಾತು ಕೊಂಕಣಿ, ಭಟ್ಕಳದಲ್ಲಿ ನವಾಯತಿ, ಹಳಿಯಾಳದಲ್ಲಿ ಮರಾಠಿ, ಘಟ್ಟದ ಮೇಲೆ ಹವ್ಯಕ ಕನ್ನಡ. ಸಿದ್ದಿ, ಕುಣಬಿ, ಹಾಲಕ್ಕಿ ಮಕ್ಕಳ ಮನೆಯ ನುಡಿಯೂ ಪಠ್ಯಪುಸ್ತಕದ ಕನ್ನಡವಲ್ಲ. ಮೌಲ್ಯಮಾಪನ ಮಾಡುವವರು "ನೀರು ಏತಕ್ಕೆ ಬೇಕು?" ಎಂದು ಕೇಳಿದಾಗ ಸುಮ್ಮನೆ ಕುಳಿತಿದ್ದ ಐದು ವರ್ಷದ ಹುಡುಗಿಗೆ ತಾಯಿ ಕೊಂಕಣಿಯಲ್ಲಿ "ಉದಾಕ" ಎಂದು ಹೇಳಿ ಕೇಳಿದ ಕೂಡಲೇ ಉತ್ತರ ಬಂದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆದ್ದರಿಂದ ಯಾವ ಪರೀಕ್ಷೆಗೆ ಕುಳಿತರೂ, ಮಗು ಮನೆಯಲ್ಲಿ ಯಾವ ಮಾತು ಆಡುತ್ತದೆ, ಶಾಲೆಯ ಭಾಷೆಯನ್ನು ಎಷ್ಟು ವರ್ಷದಿಂದ ಕೇಳುತ್ತಿದೆ ಎಂಬುದನ್ನು ಮೊದಲೇ ಹೇಳಿ, ವರದಿಯಲ್ಲಿ ಅದನ್ನು ದಾಖಲಿಸುವಂತೆ ಕೇಳಿಕೊಳ್ಳಬೇಕು. ಒಂದು ಸಾಮಾನ್ಯ ಪರೀಕ್ಷೆಯೂ ಇದೆ: ತೊಂದರೆ ಮನೆಮಾತಿನಲ್ಲಿಯೂ ಕಾಣುತ್ತದೆಯೋ, ಅಥವಾ ಶಾಲೆಯ ಭಾಷೆಯಲ್ಲಿ ಮಾತ್ರವೋ? ಮನೆಯಲ್ಲಿ ಕೊಂಕಣಿಯಲ್ಲಿ ಕಥೆ ಹೇಳಿ, ಜಗಳವಾಡಿ, ಪೇಟೆಯ ಲೆಕ್ಕ ಒಪ್ಪಿಸುವ ಮಗು ಕನ್ನಡ ತರಗತಿಯಲ್ಲಿ ಮೌನವಾಗಿದ್ದರೆ ಅದಕ್ಕೆ ಬೇಕಾಗಿರುವುದು ಭಾಷೆಯ ನೆರವೇ ಹೊರತು ಅಂಗವೈಕಲ್ಯದ ಪ್ರಮಾಣಪತ್ರವಲ್ಲ.

ಶಾಲೆಗೆ ಬರೆದು ಕೊಡುವುದು

ಬಾಯಿಮಾತು ಗಾಳಿಗೆ ಹೋಗುತ್ತದೆ. ಮುಖ್ಯಾಧ್ಯಾಪಕರ ಹೆಸರಿಗೆ ಅರ್ಧ ಪುಟದ ಮನವಿ ಬರೆದು, ಎರಡು ಪ್ರತಿ ಮಾಡಿ, ನಿಮ್ಮ ಪ್ರತಿಯ ಮೇಲೆ ಸಹಿ, ಮೊಹರು ಮತ್ತು ದಿನಾಂಕ ಹಾಕಿಸಿಕೊಳ್ಳಿ. ಒಕ್ಕಣೆ ಹೀಗಿದ್ದರೆ ಸಾಕು: "ತಮ್ಮ ಶಾಲೆಯ ನಾಲ್ಕನೇ ತರಗತಿಯಲ್ಲಿ ಓದುತ್ತಿರುವ ನನ್ನ ಮಗಳಿಗೆ ಓದುವುದರಲ್ಲಿ ಮತ್ತು ಬರೆಯುವುದರಲ್ಲಿ ತೊಂದರೆ ಇರುವುದನ್ನು ಕಳೆದ ಆರು ತಿಂಗಳಿಂದ ಗಮನಿಸಿದ್ದೇನೆ. ನನ್ನ ಟಿಪ್ಪಣಿಯ ಪ್ರತಿಯನ್ನು ಲಗತ್ತಿಸಿದ್ದೇನೆ. ಆಕೆಯ ಪ್ರಾಥಮಿಕ ತಪಾಸಣೆಯನ್ನು ನಡೆಸಿ, ಕ್ಷೇತ್ರ ಸಂಪನ್ಮೂಲ ಕೇಂದ್ರದ ವಿಶೇಷ ಸಂಪನ್ಮೂಲ ಶಿಕ್ಷಕರ ಗಮನಕ್ಕೆ ತಂದು, ಮುಂದಿನ ಕ್ರಮವನ್ನು ನನಗೆ ಲಿಖಿತವಾಗಿ ತಿಳಿಸಬೇಕಾಗಿ ಕೋರುತ್ತೇನೆ." ಹೀಗೆ ಬರೆದರೆ ಶಿಕ್ಷಕರು ಬೇಸರಪಟ್ಟುಕೊಳ್ಳುವರೇನೋ ಎಂದು ಅಳುಕುವ ಪಾಲಕರೇ ಹೆಚ್ಚು. ಒಬ್ಬ ಶಿಕ್ಷಕಿಯಾಗಿ ಹೇಳುತ್ತೇನೆ, ಅಂಥ ಮನವಿ ಕೈಗೆ ಬಂದಾಗ ಮೇಲಿನ ಕಚೇರಿಗೆ ಬರೆಯಲು ನಮಗೂ ಒಂದು ಆಧಾರ ಸಿಗುತ್ತದೆ.

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮವು ತನ್ನ 16ನೇ ಕಲಮಿನಲ್ಲಿ, ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು (ಓದು, ಬರಹ, ಲೆಕ್ಕದಲ್ಲಿ ಮಾತ್ರ ಕಾಣುವ ತೊಂದರೆಯನ್ನು) ಆದಷ್ಟು ಬೇಗ ಪತ್ತೆ ಹಚ್ಚಿ ತಕ್ಕ ಬೋಧನಾ ಕ್ರಮಗಳನ್ನು ಕೈಗೊಳ್ಳಬೇಕೆಂದೂ, ಸರ್ಕಾರದಿಂದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಗಳು ಮಗುವನ್ನು ತಾರತಮ್ಯವಿಲ್ಲದೆ ಸೇರಿಸಿಕೊಂಡು ಅದರ ಅಗತ್ಯಕ್ಕೆ ಸರಿಯಾದ ಅನುಕೂಲ ಮಾಡಿಕೊಡಬೇಕೆಂದೂ ಹೇಳುತ್ತದೆ. ಖಾಸಗಿ ಶಾಲೆಯವರು "ನಮ್ಮಲ್ಲಿ ಅಂಥ ಮಕ್ಕಳಿಗೆ ವ್ಯವಸ್ಥೆ ಇಲ್ಲ" ಎಂದಾಗ ನೆನಪಿಗೆ ಬರಬೇಕಾದ ಕಲಂ ಇದು. 2009ರ ಶಿಕ್ಷಣ ಹಕ್ಕು ಅಧಿನಿಯಮದ 13ನೇ ಕಲಂ ಪ್ರವೇಶಕ್ಕಾಗಿ ಮಗುವನ್ನಾಗಲಿ ಪಾಲಕರನ್ನಾಗಲಿ ಪರೀಕ್ಷೆಗೆ ಒಡ್ಡುವುದನ್ನು ನಿಷೇಧಿಸಿದೆ. ಅದೇ ಶಿಕ್ಷಣ ಹಕ್ಕು ಅಧಿನಿಯಮದ 16ನೇ ಕಲಮಿನ ಪ್ರಕಾರ ಎಂಟನೇ ತರಗತಿ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ.

ಪ್ರಾಥಮಿಕ ತಪಾಸಣೆಗಾಗಿ ಕೇಂದ್ರ ಸರ್ಕಾರದ ಶಿಕ್ಷಣ ಸಂಸ್ಥೆಯಾದ ಎನ್‌ಸಿಇಆರ್‌ಟಿ 2022ರಲ್ಲಿ ಪ್ರಶಸ್ತ್ ಎಂಬ ಪ್ರಶ್ನಾವಳಿಯನ್ನೂ ಅದರ ಆ್ಯಪನ್ನೂ ಹೊರತಂದಿದೆ. ತರಗತಿಯ ಶಿಕ್ಷಕರು ಮೊದಲ ಭಾಗವನ್ನು ತುಂಬುತ್ತಾರೆ, ತೊಂದರೆಯ ಸೂಚನೆ ಕಂಡರೆ ಎರಡನೆಯ ಭಾಗ ವಿಶೇಷ ಶಿಕ್ಷಕರಿಗೆ ಹೋಗುತ್ತದೆ. ಇದು ರೋಗನಿರ್ಣಯವಲ್ಲ, ಮುಂದೆ ನೋಡಬೇಕೆಂಬ ಸೂಚನೆ ಮಾತ್ರ. ಶಾಲೆಯಲ್ಲಿ ಇದನ್ನು ತುಂಬಿದ್ದಾರೆಯೇ ಎಂದು ಹೆಸರು ಹಿಡಿದೇ ಕೇಳಿ. ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ, ಅಂದರೆ ಬಿಆರ್‌ಸಿಯಲ್ಲಿ, ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರಿರುತ್ತಾರೆ. ಅವರನ್ನು ಎಲ್ಲರೂ ಬಿಐಇಆರ್‌ಟಿ ಎಂದೇ ಕರೆಯುತ್ತಾರೆ. ಇಡೀ ತಾಲ್ಲೂಕಿಗೆ ಅವರ ಸಂಖ್ಯೆ ಬಹಳ ಕಡಿಮೆ, ಹೋಗಬೇಕಾದ ಶಾಲೆಗಳು ಗುಡ್ಡ, ಹೊಳೆಗಳ ಆಚೆಗೆ ಹರಡಿವೆ. ಅವರು ಬರುವ ದಿನವನ್ನು ಸುತ್ತಲಿನ ಶಾಲೆಗಳ ಉಸ್ತುವಾರಿ ನೋಡುವ ಸಿಆರ್‌ಪಿಯವರಿಂದ ಮೊದಲೇ ತಿಳಿದುಕೊಂಡು ಆ ದಿನ ನೀವೂ ಶಾಲೆಯಲ್ಲಿರುವುದು ಒಳ್ಳೆಯದು.

ಇದಲ್ಲದೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಮತ್ತು ಅನುದಾನಿತ ಶಾಲೆಗೆ ವರ್ಷಕ್ಕೆ ಒಂದು ಸಲ ಬರಬೇಕೆಂಬ ವ್ಯವಸ್ಥೆ ಇದೆ. ಆ ತಂಡ ಬಂದ ದಿನ ಮಗು ಗೈರುಹಾಜರಾಗಿದ್ದರೆ ಒಂದು ವರ್ಷವೇ ಹೋಗುತ್ತದೆ. ಶಾಲೆಗೆ ಇನ್ನೂ ಸೇರದ ಮಗುವಾದರೆ ಅಂಗನವಾಡಿಯಿಂದಲೇ ಆರಂಭಿಸಬೇಕು. ಮಾತು ಬರುವುದು ತಡವಾದ, ಕಣ್ಣಿಗೆ ಕಣ್ಣು ಕೊಟ್ಟು ನೋಡದ ಮಗುವನ್ನು "ಅವರ ಅಪ್ಪನೂ ತಡವಾಗಿಯೇ ಮಾತಾಡಿದ್ದ" ಎಂದು ಬಿಡಬಾರದು.

ಪ್ರಮಾಣಪತ್ರ ಮತ್ತು ಅದರ ಮೇಲಿನ ಶೇಕಡಾ

2016ರ ಅಧಿನಿಯಮ 21 ಬಗೆಯ ಅಂಗವೈಕಲ್ಯಗಳನ್ನು ಪಟ್ಟಿ ಮಾಡಿದೆ. ಕಣ್ಣಿಗೆ ಕಾಣುವ ಕೈಕಾಲಿನ ಊನ, ಕುರುಡು, ಕಿವುಡುಗಳ ಜೊತೆಗೆ ಆಟಿಸಂ, ಬೌದ್ಧಿಕ ಅಸಾಮರ್ಥ್ಯ, ನಿರ್ದಿಷ್ಟ ಕಲಿಕಾ ನ್ಯೂನತೆ, ಮಾತು ಮತ್ತು ಭಾಷೆಯ ತೊಂದರೆ ಎಲ್ಲವೂ ಅದರಲ್ಲಿವೆ. ಎಡಿಎಚ್‌ಡಿ ಎಂದು ಕರೆಯುವ, ಚಂಚಲತೆ ಮತ್ತು ಗಮನದ ತೊಂದರೆ ಮಾತ್ರ ಆ ಪಟ್ಟಿಯಲ್ಲಿ ಪ್ರತ್ಯೇಕವಾಗಿ ಇಲ್ಲ. ಹಾಗೆಂದು ಆ ಮಗುವಿಗೆ ತರಗತಿಯಲ್ಲಿ ನೆರವು ಕೊಡಬಾರದೆಂದೇನೂ ಇಲ್ಲ, ವೈದ್ಯರ ವರದಿಯ ಆಧಾರದ ಮೇಲೆ ಶಾಲೆಯಲ್ಲಿ ಮಾತುಕತೆ ಮಾಡಬಹುದು.

ಪ್ರಮಾಣಪತ್ರ ಮತ್ತು ಯುಡಿಐಡಿ ಕಾರ್ಡಿಗೆ, ಅಂದರೆ ಅಂಗವೈಕಲ್ಯದ ವಿಶಿಷ್ಟ ಗುರುತಿನ ಚೀಟಿಗೆ, ಸ್ವಾವಲಂಬನ್ ಜಾಲತಾಣದಲ್ಲಿ ಅರ್ಜಿ ಹಾಕಬೇಕು. ಭಾವಚಿತ್ರ, ಆಧಾರ್, ವಿಳಾಸದ ದಾಖಲೆ ಇಟ್ಟುಕೊಂಡಿದ್ದರೆ ಗ್ರಾಮ ಪಂಚಾಯತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಅಂದರೆ ವಿಆರ್‌ಡಬ್ಲ್ಯೂ, ಅರ್ಜಿಗೆ ಸಹಾಯ ಮಾಡುತ್ತಾರೆ. ಪಾಲಕರಿಗೆ ಇವರ ಪರಿಚಯ ಇರಲೇಬೇಕು. ಎಷ್ಟೋ ಜನರಿಗೆ ತಮ್ಮ ಪಂಚಾಯತಿಯಲ್ಲಿ ಇಂಥ ಒಬ್ಬರು ಇದ್ದಾರೆಂಬುದೇ ತಿಳಿದಿರುವುದಿಲ್ಲ. ಪರೀಕ್ಷೆ ನಡೆಯುವುದು ಸಾಮಾನ್ಯವಾಗಿ ಜಿಲ್ಲಾ ಆಸ್ಪತ್ರೆಯಲ್ಲಿ. ನಮ್ಮ ಜಿಲ್ಲೆಯಲ್ಲಿ ಅದು ಕಾರವಾರದ ವೈದ್ಯಕೀಯ ವಿಜ್ಞಾನ ಸಂಸ್ಥೆಯೊಂದಿಗೆ, ಎಲ್ಲರೂ ಕ್ರಿಮ್ಸ್ ಎನ್ನುವ ಸಂಸ್ಥೆಯೊಂದಿಗೆ, ಸೇರಿಕೊಂಡಿದೆ. ಶಿರಸಿಯಿಂದ, ಸಿದ್ದಾಪುರದಿಂದ ಬರುವವರು ಘಟ್ಟ ಇಳಿದು ಬರಬೇಕಾದ್ದರಿಂದ ಯಾವ ವಾರ ಯಾವ ತಜ್ಞರು ಕುಳಿತಿರುತ್ತಾರೆ ಎಂಬುದನ್ನು ವಿಚಾರಿಸಿಕೊಂಡೇ ಹೊರಡಬೇಕು. ಬೆಳಗಿನ ಐದು ಗಂಟೆಯ ಬಸ್ಸಿನಲ್ಲಿ ನಿದ್ದೆಗೆಟ್ಟು, ವಾಂತಿ ಮಾಡಿಕೊಂಡು ಬಂದ ಮಗುವನ್ನು ಹನ್ನೊಂದು ಗಂಟೆಗೆ ಬುದ್ಧಿಮಾಪನಕ್ಕೆ ಕೂರಿಸಿದರೆ ಬರುವ ಅಂಕ ಆ ಮಗುವಿನದಲ್ಲ. ಸಾಧ್ಯವಾದರೆ ಹಿಂದಿನ ದಿನವೇ ಬಂದು ನೆಂಟರ ಮನೆಯಲ್ಲಿ ಉಳಿಯಿರಿ. ಮಗುವಿಗೆ ಜ್ವರವಿದ್ದರೆ, ಹೆದರಿದ್ದರೆ, ಇನ್ನೊಂದು ದಿನ ಕೊಡಿ ಎಂದು ಕೇಳಲು ಹಿಂಜರಿಯಬೇಡಿ. ಹಾಗೆ ಕೇಳದ ಒಂದು ಕುಟುಂಬದ ಹುಡುಗ, ಒಂದು ಆಸ್ಪತ್ರೆಯಲ್ಲಿ ಹದಿನೈದು ನಿಮಿಷದ ಪರೀಕ್ಷೆಯಿಂದ ಬಂದ ಒಂದು ಅಂಕೆಯನ್ನು ಎರಡು ವರ್ಷ ಹೊತ್ತು ತಿರುಗಿದ. ಮರುಪರೀಕ್ಷೆಯಲ್ಲಿ ಅದು ಪೂರ್ತಿ ಬದಲಾಯಿತು.

ವಯಸ್ಸಿನ ನಿಯಮಗಳನ್ನೂ ತಿಳಿದಿರಬೇಕು. ಐದು ವರ್ಷದೊಳಗಿನ ಮಗುವಿಗೆ ಬೆಳವಣಿಗೆಯಲ್ಲಿ ಒಟ್ಟಾರೆ ವಿಳಂಬವಿದೆ ಎಂದು ಹೇಳುತ್ತಾರೆಯೇ ಹೊರತು ಬೌದ್ಧಿಕ ಅಸಾಮರ್ಥ್ಯವೆಂದು ಮುದ್ರೆ ಒತ್ತುವುದಿಲ್ಲ. ನಿರ್ದಿಷ್ಟ ಕಲಿಕಾ ನ್ಯೂನತೆಗೆ ಎಂಟು ವರ್ಷ ತುಂಬಿದ ನಂತರವೇ ಪ್ರಮಾಣಪತ್ರ. ಅದಕ್ಕೆ ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ ರೂಪಿಸಿದ ಪರೀಕ್ಷೆಗಳನ್ನು ಬಳಸುತ್ತಾರೆ. ಜಿಲ್ಲೆಯಲ್ಲಿ ತಜ್ಞರು ಸಿಗದಿದ್ದಾಗ ಘಟ್ಟದ ಮೇಲಿನವರು ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆಯಾದ ಡಿಮ್ಹಾನ್ಸ್‌ಗೂ, ಮಾತು ಮತ್ತು ಶ್ರವಣದ ತೊಂದರೆ ಇರುವವರು ಮೈಸೂರಿನಲ್ಲಿ 1965ರಿಂದ ಇರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೂ ಹೋಗುವುದುಂಟು. ಎಂಟು ವರ್ಷ ತುಂಬಲಿ ಎಂದು ನೆರವನ್ನೂ ತಡೆದು ಕೂರಬೇಡಿ. ಪ್ರಮಾಣಪತ್ರಕ್ಕೆ ವಯಸ್ಸಿನ ಮಿತಿ ಇದೆ. ಓದಲು ಕಷ್ಟಪಡುವ ಏಳು ವರ್ಷದ ಮಗುವಿಗೆ ದಿನವೂ ಅರ್ಧ ಗಂಟೆ ಪ್ರತ್ಯೇಕವಾಗಿ ಕಲಿಸುವುದಕ್ಕೆ ಯಾವ ಮಿತಿಯೂ ಇಲ್ಲ.

ಪ್ರಮಾಣಪತ್ರದಲ್ಲಿ ಶೇಕಡಾ 40 ಎಂಬ ಅಂಕೆಗೆ ಬಹಳ ಮಹತ್ವವಿದೆ. ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚು ಇದ್ದವರನ್ನು ಕಾನೂನು ಮಾನದಂಡದ ಅಂಗವೈಕಲ್ಯವುಳ್ಳವರೆಂದು ಪರಿಗಣಿಸುತ್ತದೆ. ವಿದ್ಯಾರ್ಥಿವೇತನ, ಬಸ್ ಪಾಸು, ಮುಂದೆ ಉನ್ನತ ಶಿಕ್ಷಣದಲ್ಲಿ ಶೇಕಡಾ 5ರ ಮೀಸಲಾತಿ, ಇವೆಲ್ಲ ಅದರ ಮೇಲೆ ನಿಂತಿವೆ. ಆದರೆ ತರಗತಿಯಲ್ಲಿ ಸಿಗಬೇಕಾದ ಅನುಕೂಲಗಳಿಗೆ ಈ ಅಂಕೆಯನ್ನು ಅಡ್ಡ ಹಿಡಿಯುವುದು ತಪ್ಪು. ಶೇಕಡಾ 30 ಬಂದ ಮಗುವಿಗೂ ಮುಂದಿನ ಸಾಲಿನಲ್ಲಿ ಜಾಗ, ದೊಡ್ಡ ಅಕ್ಷರದ ಪ್ರಶ್ನೆಪತ್ರಿಕೆ, ಬಾಯಿಮಾತಿನ ಉತ್ತರಕ್ಕೆ ಅವಕಾಶ ಕೇಳಬಹುದು, ಕೇಳಲೇಬೇಕು. ಪ್ರಮಾಣಪತ್ರದ ತೀರ್ಮಾನ ಒಪ್ಪಿಗೆಯಾಗದಿದ್ದರೆ ಅಧಿನಿಯಮದ 59ನೇ ಕಲಮಿನಡಿ ಮೇಲ್ಮನವಿಗೆ ಅವಕಾಶವಿದೆ. ಮಕ್ಕಳಿಗೆ ಕೊಡುವ ಪತ್ರ ಎಷ್ಟೋ ಸಲ ತಾತ್ಕಾಲಿಕವಾಗಿದ್ದು ಅದರ ಅವಧಿ ಮುಗಿಯುವ ದಿನಾಂಕ ಅದರಲ್ಲಿಯೇ ಇರುತ್ತದೆ. ಆ ದಿನಾಂಕವನ್ನು ಗೋಡೆಯ ಪಂಚಾಂಗದ ಮೇಲೆ ಬರೆದಿಟ್ಟುಕೊಳ್ಳಿ.

ಎಲ್ಲಿ ಕಲಿಯಬೇಕು

ಈಗ ಎರಡನೆಯ ನಿರ್ಧಾರ. ಮಾನದಂಡದ ಅಂಗವೈಕಲ್ಯವುಳ್ಳ 6ರಿಂದ 18 ವರ್ಷದ ಪ್ರತಿ ಮಗುವಿಗೂ ನೆರೆಹೊರೆಯ ಶಾಲೆಯಲ್ಲಿ ಅಥವಾ ತನಗೆ ಬೇಕಾದ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣ ಪಡೆಯುವ ಹಕ್ಕಿದೆ ಎಂದು 2016ರ ಅಧಿನಿಯಮದ 31ನೇ ಕಲಂ ಹೇಳುತ್ತದೆ. ಆಯ್ಕೆ ಮಗುವಿನದು, ಅದರ ಪರವಾಗಿ ಪಾಲಕರದು. ಇದೇ ರೀತಿ, 2012ರಲ್ಲಿ ಶಿಕ್ಷಣ ಹಕ್ಕು ಅಧಿನಿಯಮಕ್ಕೆ ಬಂದ ತಿದ್ದುಪಡಿ ತೀವ್ರ ಅಥವಾ ಬಹುವಿಧ ಅಂಗವೈಕಲ್ಯವುಳ್ಳ ಮಗು ಗೃಹಾಧಾರಿತ ಶಿಕ್ಷಣವನ್ನು ಆರಿಸಿಕೊಳ್ಳಬಹುದು ಎಂದು ಹೇಳಿದೆ. ಆರಿಸಿಕೊಳ್ಳಬಹುದು ಎಂಬ ಆ ಕ್ರಿಯಾಪದವನ್ನು ಗಮನಿಸಬೇಕು. ಶಾಲೆಗೆ ತೊಂದರೆಯಾಗುತ್ತದೆ ಎಂಬ ಕಾರಣಕ್ಕೆ ಮಗುವನ್ನು ಮನೆಗೆ ಕಳಿಸಿ ಅದಕ್ಕೆ ಗೃಹಾಧಾರಿತ ಶಿಕ್ಷಣವೆಂದು ಹೆಸರಿಡಲು ಕಾನೂನಿನಲ್ಲಿ ಅವಕಾಶವಿಲ್ಲ.

ನಮ್ಮ ಜಿಲ್ಲೆಯಲ್ಲಿ ನಿಜವಾಗಿ ಇರುವ ದಾರಿಗಳು ನಾಲ್ಕು. ಊರಿನ ಶಾಲೆಯ ಸಾಮಾನ್ಯ ತರಗತಿ; ಅದರ ಜೊತೆಗೆ ನಿಗದಿತ ದಿನಗಳಲ್ಲಿ ಬಿಆರ್‌ಸಿಯ ಶಾಲಾ ಸಿದ್ಧತಾ ಕೇಂದ್ರದಲ್ಲಿ ತರಬೇತಿ, ವ್ಯಾಯಾಮ ಚಿಕಿತ್ಸೆ; ಸಂಪನ್ಮೂಲ ಶಿಕ್ಷಕರು ಮನೆಗೆ ಬಂದು ಕಲಿಸುವ ವ್ಯವಸ್ಥೆ; ಮತ್ತು ವಿಶೇಷ ಶಾಲೆ, ಅದು ಹಲವರಿಗೆ ವಸತಿ ಶಾಲೆಯೇ ಆಗಿರುತ್ತದೆ. ನನ್ನ ಅನುಭವದಲ್ಲಿ, ಕಲಿಕಾ ನ್ಯೂನತೆಯ, ಚಂಚಲತೆಯ, ಸೌಮ್ಯ ಬೌದ್ಧಿಕ ಅಸಾಮರ್ಥ್ಯದ ಮಗುವಿಗೆ ಊರಿನ ಶಾಲೆಯೇ ಮೊದಲ ಆಯ್ಕೆಯಾಗಬೇಕು. ಅಲ್ಲಿ ಅಣ್ಣ, ತಂಗಿ, ಓಣಿಯ ಹುಡುಗರು ಇರುತ್ತಾರೆ. ಬಿಸಿಯೂಟಕ್ಕೆ ಸಾಲಿನಲ್ಲಿ ನಿಲ್ಲುವುದು, ತಟ್ಟೆ ತೊಳೆಯುವುದು, ಕಬಡ್ಡಿಯಲ್ಲಿ ಔಟಾಗಿ ಕೂರುವುದು ಎಲ್ಲವೂ ಕಲಿಕೆಯೇ. ಆದರೆ ಹುಟ್ಟಿನಿಂದಲೇ ಕೇಳಿಸದ ಮಗುವಿನ ವಿಷಯ ಬೇರೆ. ಕೈಸನ್ನೆಯ ಭಾಷೆ ಬಲ್ಲವರು ಒಬ್ಬರೂ ಇಲ್ಲದ ತರಗತಿಯಲ್ಲಿ ಆ ಮಗು ಏಳು ವರ್ಷ ಮೌನವಾಗಿ ಕುಳಿತು ಹೋಗುವುದಕ್ಕಿಂತ, ಭಾಷೆಯೇ ಸಿಗುವ ವಿಶೇಷ ಶಾಲೆ ಮೇಲು ಎಂದು ನಾನು ನಂಬುತ್ತೇನೆ. ಇದನ್ನು ಒಪ್ಪದವರೂ ಇದ್ದಾರೆ, ಅವರ ವಾದದಲ್ಲಿಯೂ ಹುರುಳಿದೆ.

ವಿಶೇಷ ಶಾಲೆಯನ್ನು ಆರಿಸುವ ಮುನ್ನ ಕೆಲಸದ ದಿನ, ಮುಂಚಿತವಾಗಿ ಹೇಳದೆ ಹೋಗಿ ನೋಡಿ. ಅಲ್ಲಿನ ಶಿಕ್ಷಕರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇದೆಯೇ, ಮಕ್ಕಳ ಶೌಚಾಲಯ ಹೇಗಿದೆ, ರಾತ್ರಿ ಮಲಗುವಲ್ಲಿ ಯಾರಿರುತ್ತಾರೆ, ಹೆಣ್ಣುಮಕ್ಕಳ ಮೇಲ್ವಿಚಾರಣೆಗೆ ಮಹಿಳೆಯರಿದ್ದಾರೆಯೇ, ತಿಂಗಳಿಗೆ ಎಷ್ಟು ಸಲ ಮಗುವನ್ನು ನೋಡಬಹುದು ಎಂದು ಕೇಳಿ. ಈ ಪ್ರಶ್ನೆಗಳಿಗೆ ಸಿಡುಕುವ ಜಾಗದಲ್ಲಿ ಮಗುವನ್ನು ಬಿಟ್ಟು ಬರಬೇಡಿ.

ಊರಿನ ಶಾಲೆಯಲ್ಲಿಯೇ ಉಳಿಸುವುದಾದರೆ ಮಗುವಿಗಾಗಿ ವೈಯಕ್ತಿಕ ಶಿಕ್ಷಣ ಯೋಜನೆ, ಅಂದರೆ ಐಇಪಿ, ಬರೆಯಿಸಬೇಕು. ಮುಖ್ಯಾಧ್ಯಾಪಕರು, ತರಗತಿ ಶಿಕ್ಷಕರು, ಬಿಐಇಆರ್‌ಟಿ ಮತ್ತು ನೀವು ಒಂದೇ ಮೇಜಿನ ಸುತ್ತ ಕೂತು ಬರೆದರೆ ಮಾತ್ರ ಅದಕ್ಕೆ ಜೀವ. "ಓದುವ ಕೌಶಲ ಹೆಚ್ಚಿಸುವುದು" ಎಂಬಂಥ ಗುರಿ ಕಾಗದದ ಮೇಲೆ ಚೆನ್ನಾಗಿ ಕಾಣುತ್ತದೆ, ಆದರೆ ಅದು ಆಯಿತೋ ಇಲ್ಲವೋ ಎಂದು ಯಾರೂ ಹೇಳಲಾರರು. "ದೀಪಾವಳಿಯೊಳಗೆ ಸಜಾತಿ ಒತ್ತಕ್ಷರವಿರುವ ಇಪ್ಪತ್ತು ಶಬ್ದಗಳನ್ನು ತಡೆಯಿಲ್ಲದೆ ಓದುವುದು, ಸೋಮವಾರ ಮತ್ತು ಗುರುವಾರ ಕೊನೆಯ ಅವಧಿಯಲ್ಲಿ ತರಗತಿ ಶಿಕ್ಷಕಿ ಕಲಿಸುವುದು, ಮನೆಯಲ್ಲಿ ದಿನಕ್ಕೆ ಹದಿನೈದು ನಿಮಿಷ ಅಕ್ಕ ಓದಿಸುವುದು" ಎಂದು ಬರೆದರೆ, ಯಾರು ಏನು ಮಾಡಬೇಕೆಂಬುದು ಎಲ್ಲರಿಗೂ ಗೊತ್ತಿರುತ್ತದೆ. ಮೂರು ತಿಂಗಳಿಗೊಮ್ಮೆ ಅದೇ ಮೇಜಿನ ಸುತ್ತ ಮತ್ತೆ ಕೂರಬೇಕು. ಯೋಜನೆಯ ಒಂದು ಪ್ರತಿ ನಿಮ್ಮ ಬಳಿ ಇರಲಿ.

ಸಮಗ್ರ ಶಿಕ್ಷಣ ಯೋಜನೆಯಡಿ ಸಾರಿಗೆ ಭತ್ಯೆ, ಬೆಂಗಾವಲು ಭತ್ಯೆ, ಹೆಣ್ಣುಮಕ್ಕಳಿಗೆ ತಿಂಗಳಿಗೆ 200 ರೂಪಾಯಿಯ ಪ್ರೋತ್ಸಾಹಧನ, ಸಾಧನ ಸಲಕರಣೆ ಇವೆಲ್ಲ ಸಿಗಬೇಕಾದರೆ ಶಾಲೆಯ ದಾಖಲೆಯಲ್ಲಿ, ಅಂದರೆ ಎಸ್‌ಎಟಿಎಸ್‌ನಲ್ಲಿ, ಮಗುವನ್ನು ವಿಶೇಷ ಅಗತ್ಯವುಳ್ಳ ಮಗು ಎಂದು ಸರಿಯಾಗಿ ನಮೂದಿಸಿರಬೇಕು. ಹಾಗೆ ನಮೂದಾಗಿದೆಯೇ ಎಂದು ಒಮ್ಮೆ ತೆರೆಯ ಮೇಲೆಯೇ ನೋಡಿ ಬನ್ನಿ. ತಾಲ್ಲೂಕಿನ ವೈದ್ಯಕೀಯ ಮೌಲ್ಯಾಂಕನ ಶಿಬಿರಕ್ಕೆ ಹೆಸರು ಹೋಗುವುದೂ ಶ್ರವಣ ಸಾಧನ, ಗಾಲಿಕುರ್ಚಿ ಸಿಗುವುದೂ ಆ ನಮೂದಿನಿಂದಲೇ.

ಒಪ್ಪಿಗೆಯಾಗದಿದ್ದಾಗ

ಜಗಳದಿಂದ ಶುರು ಮಾಡಬೇಡಿ, ಏಕೆಂದರೆ ನಾಳೆ ಬೆಳಗ್ಗೆ ಅದೇ ಶಿಕ್ಷಕರ ಕೈಗೆ ಮಗುವನ್ನು ಒಪ್ಪಿಸಬೇಕು. ಮುಖ್ಯಾಧ್ಯಾಪಕರು, ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಆಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿ, ಅವರ ಮೇಲೆ ಉಪನಿರ್ದೇಶಕರು. ನಮ್ಮಲ್ಲಿ ಎರಡು ಶೈಕ್ಷಣಿಕ ಜಿಲ್ಲೆಗಳಿರುವುದರಿಂದ ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳದವರು ಕಾರವಾರದ ಉಪನಿರ್ದೇಶಕರಿಗೂ ಘಟ್ಟದ ಮೇಲಿನ ತಾಲ್ಲೂಕಿನವರು ಶಿರಸಿಯ ಉಪನಿರ್ದೇಶಕರಿಗೂ ಬರೆಯಬೇಕು. ಪ್ರತಿ ಮನವಿಗೂ ಹಿಂದಿನ ಮನವಿಯ ಸ್ವೀಕೃತಿ ಪ್ರತಿಯನ್ನು ಲಗತ್ತಿಸಿ. ಅಲ್ಲಿಯೂ ಆಗದಿದ್ದರೆ ಬೆಂಗಳೂರಿನಲ್ಲಿರುವ ಅಂಗವಿಕಲ ವ್ಯಕ್ತಿಗಳ ರಾಜ್ಯ ಆಯುಕ್ತರಿಗೆ ದೂರು ಕೊಡಬಹುದು. ವಿಶೇಷ ಶಿಕ್ಷಕರೇ ಇಲ್ಲ ಎಂಬ ಉತ್ತರ ಬಂದಾಗ, 2021ರಲ್ಲಿ ಸುಪ್ರೀಂ ಕೋರ್ಟು ಪ್ರಾಥಮಿಕ ಹಂತದಲ್ಲಿ ವಿಶೇಷ ಅಗತ್ಯವುಳ್ಳ ಹತ್ತು ಮಕ್ಕಳಿಗೊಬ್ಬರು, ಪ್ರೌಢ ಹಂತದಲ್ಲಿ ಹದಿನೈದು ಮಕ್ಕಳಿಗೊಬ್ಬರು ವಿಶೇಷ ಶಿಕ್ಷಕರಿರಬೇಕೆಂಬ ಪ್ರಮಾಣವನ್ನು ಹೇಳಿದೆ ಎಂಬುದನ್ನು ಮನವಿಯಲ್ಲಿ ಉಲ್ಲೇಖಿಸಿ. ನಾಲ್ಕೈದು ಪಾಲಕರು ಸೇರಿ ಬರೆದ ಪತ್ರಕ್ಕೆ ಒಬ್ಬರೇ ಬರೆದ ಪತ್ರಕ್ಕಿಂತ ಬೇಗ ಉತ್ತರ ಬರುವುದನ್ನು ನಾನು ಕಂಡಿದ್ದೇನೆ.

ಎಸ್‌ಎಸ್‌ಎಲ್‌ಸಿಯ ಸಿದ್ಧತೆ ಒಂಬತ್ತನೇ ತರಗತಿಯಲ್ಲಿಯೇ ಆಗಬೇಕು. ಬರೆಯಲು ಸಹಾಯಕರು, ಹೆಚ್ಚುವರಿ ಸಮಯ ಮತ್ತಿತರ ವಿನಾಯಿತಿಗಳಿಗೆ ಮುಖ್ಯಾಧ್ಯಾಪಕರ ಮೂಲಕ ಪರೀಕ್ಷಾ ಮಂಡಳಿಗೆ ಅರ್ಜಿ ಹೋಗಬೇಕು, ಅದರೊಂದಿಗೆ ಚಾಲ್ತಿಯಲ್ಲಿರುವ ಪ್ರಮಾಣಪತ್ರ ಇರಬೇಕು. ಲಿಖಿತ ಪರೀಕ್ಷೆಗಳ ಬಗ್ಗೆ ಕೇಂದ್ರ ಸರ್ಕಾರ ಹೊರಡಿಸಿದ ಮಾರ್ಗಸೂಚಿ ಗಂಟೆಗೆ ಕನಿಷ್ಠ 20 ನಿಮಿಷದ ಹೆಚ್ಚುವರಿ ಸಮಯವನ್ನು ಹೇಳುತ್ತದೆ. ಸಹಾಯಕರೊಂದಿಗೆ ಉತ್ತರ ಹೇಳಿ ಬರೆಯಿಸುವುದೂ ಒಂದು ಅಭ್ಯಾಸವಾದ್ದರಿಂದ, ಶಾಲೆಯ ಕಿರುಪರೀಕ್ಷೆಗಳಲ್ಲಿಯೇ ಅದನ್ನು ಆರಂಭಿಸುವಂತೆ ಕೇಳಿ.

ಇನ್ನೊಂದು ಸಂಗತಿಯನ್ನು ಎಲ್ಲರೂ ಮರೆಯುತ್ತಾರೆ. ಏಳನೇ ತರಗತಿ ಮುಗಿದು ಮಗು ಪ್ರೌಢಶಾಲೆಗೆ ಹೋಗುವಾಗ ವರ್ಗಾವಣೆ ಪತ್ರ ಹೋಗುತ್ತದೆ, ಆದರೆ ವೈಯಕ್ತಿಕ ಶಿಕ್ಷಣ ಯೋಜನೆ ಹಳೆಯ ಶಾಲೆಯ ಕಪಾಟಿನಲ್ಲಿಯೇ ಉಳಿದುಬಿಡುತ್ತದೆ. ಹೊಸ ಶಾಲೆಯವರು ಮೊದಲ ಕಿರುಪರೀಕ್ಷೆಯ ಅಂಕ ನೋಡಿ ಮತ್ತೆ "ಎಲ್ಲಾದರೂ ತೋರಿಸಿ" ಎನ್ನುತ್ತಾರೆ. ಬೇಸಿಗೆ ರಜೆಗೆ ಮುನ್ನವೇ ಯೋಜನೆಯ ಮತ್ತು ವರದಿಗಳ ಪ್ರತಿ ಮಾಡಿಸಿಕೊಂಡು, ನೂರು ಪುಟದ ಆ ನೋಟುಪುಸ್ತಕವನ್ನೂ ಹಿಡಿದುಕೊಂಡು, ಶಾಲೆ ತೆರೆದ ಮೊದಲ ವಾರದಲ್ಲಿಯೇ ಹೊಸ ಮುಖ್ಯಾಧ್ಯಾಪಕರನ್ನು ಕಂಡು ಬನ್ನಿ.